ಪಾಲಪ್ಪನ ಕ್ಯಾಂಪಿಗೆ ಎರಡು ಕೋಣೆ

ಪಾಲಪ್ಪನ ಕ್ಯಾಂಪ್ ಶಾಲೆ
ಮೆಟ್ರಿ ದಾರಿ, ಕಂಪ್ಲಿ ತಾಲ್ಲೂಕು
9 ಡಿಸೆಂಬರ್ 2024

ಪ್ರೀತಿಯ ಯಶೋಧರಾ,

ಮೊದಲು ಬೈಗುಳ, ಕ್ಷೇಮ ಸಮಾಚಾರ ಆಮೇಲೆ. ಹೊಸಪೇಟೆಯ ತರಬೇತಿಯಲ್ಲಿ ಹತ್ತು ದಿನ ಒಂದೇ ರೂಮಿನಲ್ಲಿದ್ದು, ಕೊನೆಯ ದಿನ ಹಂಪಿ ಬಜಾರಿನ ಕಲ್ಲುಮಂಟಪದಲ್ಲಿ ಮಿರ್ಚಿ ತಿನ್ನುತ್ತಾ ನೀನೇ ತಾನೇ ಹೇಳಿದ್ದು, "ಅಕ್ಕಾ, ನಮ್ಮ ಎರಡೂ ಶಾಲಿ ಮಕ್ಕಳು ತಿಂಗಳಿಗೊಂದ್ಸಲ ಕಾಗದ ಬರ್ಕೊಳ್ಳಲಿ, ಆ ಕಟ್ಟಿನಾಗ ನಮ್ದೂ ಒಂದೊಂದು ಇರ್ಲಿ, ಫೋನ್ ಬ್ಯಾಡ" ಅಂತ? ನಮ್ಮ ಕಟ್ಟು ನಿನ್ನ ಕೈ ಸೇರಿ ತಿಂಗಳಾಯಿತು. ನಿಮ್ಮದರ ಸುಳಿವಿಲ್ಲ. ಪೋಸ್ಟ್‌ಮ್ಯಾನ್ ಮೂಕಪ್ಪ ಗೇಟಿನ ಹತ್ತಿರ ಸೈಕಲ್ ನಿಲ್ಲಿಸಿದರೆ ಸಾಕು, ನಲವತ್ತನಾಲ್ಕು ಕುತ್ತಿಗೆಗಳು ಒಟ್ಟಿಗೆ ಆ ಕಡೆ ತಿರುಗುತ್ತವೆ. ಅವನಿಗೂ ಈಗ ನಮ್ಮ ಗೇಟು ದಾಟುವುದೆಂದರೆ ಭಯ.

ಇರಲಿ. ನನ್ನ ಸುದ್ದಿ ಒಂದೇ: ದೇವಿಕಾ ಓದಿದಳು! ಅವಳ ವಿಷಯ ನಿನಗೆ ಹೇಳಿದ್ದೆ. ಆರನೇ ತರಗತಿ. ಕಾಲುವೆ ಬದಿಯ ನಮ್ಮ ಈ ಕ್ಯಾಂಪಿನ ಗದ್ದೆಗಳಲ್ಲಿ ಸಸಿ ಹಚ್ಚುವ ಕೂಲಿ ಹೆಂಗಸರ ಗುಂಪಿಗೆ ಮೇಸ್ತ್ರಿಯಾಗಿರುವ ಕರೆಮ್ಮನ ಮಗಳು. ಲೆಕ್ಕ ಬಾಯಲ್ಲೇ ಮಾಡುತ್ತಾಳೆ, ಹಾಡು ಕೇಳಿದರೆ ಒಂದೇ ಸಲಕ್ಕೆ ಬರುತ್ತದೆ, ಆದರೆ ಪುಸ್ತಕ ತೆರೆದರೆ ಒಂದು ಸಾಲೂ ಬರುತ್ತಿರಲಿಲ್ಲ. ಐದು ವರ್ಷ ಅವಳನ್ನು ಒಂದು ತರಗತಿಯಿಂದ ಇನ್ನೊಂದಕ್ಕೆ ದಾಟಿಸಿದವರಲ್ಲಿ ನಾನೂ ಒಬ್ಬಳು. ಅದು ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಈಗ ಊಟದ ಗಂಟೆಯವರೆಗೆ ನಮ್ಮಲ್ಲಿ ತರಗತಿಗಳೇ ಇಲ್ಲ. ಯಾರಿಗೆ ಎಷ್ಟು ಓದು ಬರುತ್ತದೋ ಅದರ ಮೇಲೆ ಮೂರು ಗುಂಪು, ಗುಂಪಿಗೊಂದು ಮರ. ಯಾರಿಗೂ ಅವಮಾನವಾಗದಿರಲಿ ಎಂದು ಅವರಿಗೆ ಗೊತ್ತಿರುವ ನೆಲ್ಲಿನ ಬೆಳೆಯ ಹಂತಗಳ ಹೆಸರನ್ನೇ ಇಟ್ಟಿದ್ದೇನೆ. ಅಕ್ಷರ ಕಲಿಯುವವರು 'ಮಡಿ', ಪದ ಕೂಡಿಸುವವರು 'ನಾಟಿ', ಕಥೆ ಓದುವವರು 'ತೆನೆ'. ಎರಡನೇ ತರಗತಿಯ ಪುಟ್ಟನೊಬ್ಬ ತೆನೆಯಲ್ಲಿದ್ದಾನೆ, ದೇವಿಕಾ ಮಡಿಯಲ್ಲಿದ್ದಳು. ಮೊದಲ ವಾರ ಅತ್ತಳು, ಎರಡನೇ ವಾರ ಪುಟ್ಟ ಮಕ್ಕಳ ಮೂಗು ಒರೆಸುತ್ತಾ ಅವರ ಜೊತೆ ತಾನೂ ಅಕ್ಷರ ತಿದ್ದಿದಳು. ಮೊನ್ನೆ ಗುರುವಾರ ಒಂದು ಸಾಲು ಪೂರ್ತಿ ಓದಿ, ಪುಸ್ತಕ ಮುಚ್ಚಿ, "ಟೀಚರ್ರ, ಇಷ್ಟೇ ಐತೇನ್ರಿ ಓದಾದಂದ್ರ?" ಎಂದಳು. ನಾನು ಕಣ್ಣಿಗೆ ಕಸ ಬಿತ್ತೆಂದು ಹೇಳಿ ಆ ಕಡೆ ಹೋದೆ. ಅತಿಥಿ ಶಿಕ್ಷಕ ಮಾರೇಶ್ ಸುಮ್ಮನೆ ನಗುತ್ತಿದ್ದ.

ಅಂದಹಾಗೆ, ನಿಮ್ಮ ಕಡೆಯ ಗಣಿ ಕಂಪನಿಯ ಶಾಲಾ ನಿಧಿಗೆ ನಾವೂ ಎರಡು ಕೋಣೆಗೆ ಅರ್ಜಿ ಹಾಕಿದ್ದೇವೆ. ಎಲ್ಲರೂ ಹಾಕುತ್ತಾರೆ, ನಾವೂ ಹಾಕಿದೆವು. ಬಂದರೆ ಬರಲಿ. ಈ ಎಳೆಬಿಸಿಲು ಬಿಟ್ಟು ಒಳಗೆ ಕೂರುವವರು ಯಾರು?

ನಿನ್ನ,
ಹೇಮಾವತಿ ಅಕ್ಕ


ಹೊಸ ಕಾಲೋನಿ ಶಾಲೆ
ಯಶವಂತನಗರ, ಸಂಡೂರು ತಾಲ್ಲೂಕು
2 ಜನವರಿ 2025

ಅಕ್ಕಾ, ನಮಸ್ಕಾರ.

ಬೈಗುಳ ಮುಟ್ಟಿತು, ತಲೆ ಬಗ್ಗಿಸಿ ಸ್ವೀಕರಿಸಿದ್ದೇನೆ. ಹೊಸ ವರ್ಷದ ಶುಭಾಶಯ. ಕಾಗದದ ಮೇಲಿನ ಕೆಂಪು ಬೆರಳಚ್ಚುಗಳಿಗೆ ಮಕ್ಕಳನ್ನು ಬೈಯಬೇಡಿ. ಕೈ ತೊಳೆಸಿಯೇ ಬರೆಸಿದ್ದು. ಕಿಟಕಿಯ ಹೊರಗೆ ಒಂದು ಅದಿರಿನ ಲಾರಿ ಹೋದರೆ ಮುಗಿಯಿತು.

ಉತ್ತರ ತಡವಾದ ಕಾರಣ ಹೇಳಲು ನಾಚಿಕೆಯಾಗುತ್ತದೆ. ನಿಮ್ಮ ಮಕ್ಕಳ ಕಾಗದಗಳನ್ನು ನಮ್ಮ ಐದನೇ ತರಗತಿಗೆ ಹಂಚಿದೆ. ಮೂವತ್ತೊಂದು ಮಕ್ಕಳು. ತಮಗೆ ಬಂದ ಕಾಗದವನ್ನು ತಾವೇ ಓದಿಕೊಂಡವರು ಒಂಬತ್ತು ಜನ. ಉಳಿದವರು ಕಾಗದ ಹಿಡಿದು ನನ್ನ ಮುಖ ನೋಡಿದರು. ಈ ತರಗತಿ ನನ್ನ ಕೈಗೆ ಬಂದು ಒಂದೂವರೆ ವರ್ಷ ಆಗಿದೆ ಅಕ್ಕಾ. ಉತ್ತರ ಬರೆಸಲು ಒಬ್ಬೊಬ್ಬರ ಪಕ್ಕ ಕೂರಬೇಕಾಯಿತು, ಅದಕ್ಕೇ ತಡ.

ನಮ್ಮ ಶಾಲೆ ನೀವು ನೋಡಬೇಕು. ಕಂಪನಿಯವರು ಮೂರು ವರ್ಷದ ಹಿಂದೆ ಪೂರ್ತಿ ಹೊಸದಾಗಿ ಕಟ್ಟಿಸಿದರು. ಟೈಲ್ಸ್, ಫ್ಯಾನು, ಹುಡುಗಿಯರಿಗೆ ಬೇರೆ ಶೌಚಾಲಯ, ಗೋಡೆಗೆ ಸ್ಮಾರ್ಟ್ ಬೋರ್ಡ್. ಬೋರ್ಡಿಗೆ ಮುಖ್ಯಗುರು ಲಿಂಗರಾಜ್ ಸರ್ ಜರಿ ಅಂಚಿನ ಬಟ್ಟೆ ಹೊದಿಸಿದ್ದಾರೆ. ಅತಿಥಿಗಳು ಬಂದ ದಿನ ಮಾತ್ರ ದರ್ಶನ. ಬೆಂಚುಗಳನ್ನು ಯಾರೂ ಕದಿಯಬಾರದೆಂದು ನೆಲಕ್ಕೆ ಬೋಲ್ಟ್ ಹಾಕಿ ಬಿಗಿದಿದ್ದಾರೆ. ನೀವು ಹೇಳಿದ ಹಾಗೆ ಗುಂಪು ಮಾಡಿ ದುಂಡಗೆ ಕೂರಿಸೋಣವೆಂದರೆ ಬೆಂಚು ಅಲ್ಲಾಡುವುದಿಲ್ಲ. ಮಕ್ಕಳು ಒಬ್ಬರ ಬೆನ್ನು ಒಬ್ಬರು ನೋಡುತ್ತಾ ಏಳು ವರ್ಷ ಕಳೆಯುತ್ತಾರೆ.

ನಿಮ್ಮ ಪಾಠದ ಕ್ರಮವನ್ನು ವಿವರವಾಗಿ ಬರೆದು ಕಳಿಸಿ, ದಯವಿಟ್ಟು. ಇನ್ನೊಂದು ವಿಷಯ: ನಿಧಿಯ ಸಮಿತಿಯಲ್ಲಿ ಶಿಕ್ಷಕರ ಪರವಾಗಿ ಒಬ್ಬರು ಇರಬೇಕೆಂದು ನನ್ನ ಹೆಸರು ಹಾಕಿದ್ದಾರೆ. ಅಕ್ಷರ ದುಂಡಗಿದೆ, ಮಾತು ಕಡಿಮೆ ಎಂಬುದೇ ಅರ್ಹತೆ. ನಿಮ್ಮ ಅರ್ಜಿ ಅಲ್ಲಿ ನೋಡಿದೆ. ಎಲ್ಲರೂ ಹಳೆಯ ಕೋಣೆಗಳ ಫೋಟೋ ಹಚ್ಚಿದ್ದಾರೆ, ನೀವು ಹಚ್ಚಿಲ್ಲ. ಕೋಣೆಗಳು ಹೇಗಿವೆ ಅಕ್ಕಾ?

ನಿಮ್ಮ,
ಯಶೋಧರಾ


ಪಾಲಪ್ಪನ ಕ್ಯಾಂಪ್
21 ಜನವರಿ 2025

ಪ್ರೀತಿಯ ಯಶೋಧರಾ,

ಒಂಬತ್ತು ಜನ ಎಂದು ನಿಜ ಬರೆದೆಯಲ್ಲ, ಅದಕ್ಕೇ ನೀನು ಗೆಲ್ಲುತ್ತೀಯ. ಬಹಳ ಜನ ಮೂವತ್ತೊಂದು ಎಂದು ಬರೆದು ನಿದ್ದೆ ಮಾಡುತ್ತಾರೆ.

ಕ್ರಮ ಬೇರೆ ಹಾಳೆಯಲ್ಲಿದೆ, ಎಂಟು ಪುಟ. ಅದರ ಸಾರ ಇಷ್ಟೇ: ಮಗುವಿನ ವಯಸ್ಸು ನೋಡಬೇಡ, ಮಗು ನಿಂತಿರುವ ಜಾಗ ನೋಡು. ಹದಿನೈದು ದಿನಕ್ಕೊಮ್ಮೆ ಒಬ್ಬೊಬ್ಬರನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಓದಿಸು. ಓದು ಬಂದವರ ಪಕ್ಕಕ್ಕೆ ಬರದವರು ಕೂರಲಿ. ಮೇಷ್ಟ್ರ ಬಾಯಿ ಕಡಿಮೆ, ಮಕ್ಕಳ ಬಾಯಿ ಹೆಚ್ಚು. ಇದಕ್ಕೆ ಜರಿ ಬಟ್ಟೆ ಬೇಕಿಲ್ಲ.

ಕೋಣೆಯ ಫೋಟೋ ಕೇಳಿದ್ದೀಯ. ಮುರುಕು ಗೋಡೆಯ ಫೋಟೋ ಹಿಡಿದು ದೊಡ್ಡವರ ಬಾಗಿಲಲ್ಲಿ ನಿಲ್ಲುವುದು ನನ್ನಿಂದ ಆಗುವ ಕೆಲಸವಲ್ಲ. ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಸೀಮೆಸುಣ್ಣಕ್ಕೂ ಯಾರ ಮುಂದೂ ಕೈಯೊಡ್ಡಿದವಳಲ್ಲ. ಕೋಣೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಬೇವಿನ ಮರದ ಕೆಳಗೆ ನನ್ನ ಮಕ್ಕಳು ಓದು ಕಲಿಯುತ್ತಾರೆ. ದುಡ್ಡು ಕೊಟ್ಟರೆ ಗೋಡೆಗೆ ಬಣ್ಣ ಬರುತ್ತದೆ, ಮಗುವಿಗೆ ಓದು ಬರುವುದಿಲ್ಲ. ನಿನ್ನ ಶಾಲೆಗಿಂತ ದೊಡ್ಡ ಸಾಕ್ಷಿ ಬೇಕೇ?

ಮುನಿಸಿಕೊಳ್ಳಬೇಡ, ಸ್ವಲ್ಪ ಕಾಲೆಳೆದೆ. ದೇವಿಕಾ ಈಗ 'ನಾಟಿ' ಗುಂಪಿಗೆ ಬಂದಿದ್ದಾಳೆ. ಎರಡನೇ ಬೆಳೆಗೆ ಸಸಿ ಹಚ್ಚುವ ಕೆಲಸ ಜೋರಾಗಿ ನಡೆದಿದೆ. ಕರೆಮ್ಮ ಮಗಳನ್ನು ಕರೆಯಲು ಬಂದಿದ್ದಳು. ಮಗಳು ಓದುವುದನ್ನು ಕಾಂಪೌಂಡಿನ ಆಚೆಯಿಂದ ಸ್ವಲ್ಪ ಹೊತ್ತು ಕೇಳಿ, "ಇರ್ಲಿ ಬಿಡ್ರಿ, ಈ ಸಲ ನಾವ ಹಚ್ಚಿಕೊಂತೀವಿ" ಎಂದು ಹೋದಳು. ಅಷ್ಟು ಸಾಕು ನನಗೆ.

ಹೇಮಾವತಿ ಅಕ್ಕ


ಹೊಸ ಕಾಲೋನಿ ಶಾಲೆ, ಯಶವಂತನಗರ
26 ಫೆಬ್ರವರಿ 2025

ಅಕ್ಕಾ,

ಬೆಂಚು ಬಿಚ್ಚಿದೆವು! ಮೂರನೇ ತರಗತಿಯ ಒಂದು ಮಗುವಿನ ಅಪ್ಪ ದುರುಗಣ್ಣ ಅಂತ, ಲಾರಿ ಮೆಕ್ಯಾನಿಕ್. ಮೆಲ್ಲಗೆ ವಿಷಯ ಹೇಳಿದೆ. "ಟೀಚರ್ರ, ಹದಿನಾಕು ಚಕ್ರದ ಲಾರಿ ಬಿಚ್ಚಾವ ನಾನು, ನಾಕು ಕಾಲಿನ ಬೆಂಚು ಬಿಚ್ಚಾಕ ಆಗಂಗಿಲ್ಲೇನ್ರಿ?" ಎಂದು ಭಾನುವಾರ ಸ್ಪಾನರ್ ತಂದು ಎರಡು ಗಂಟೆಯಲ್ಲಿ ಐದನೇ ತರಗತಿಯನ್ನು ಬಿಡುಗಡೆ ಮಾಡಿಬಿಟ್ಟ. ಲಿಂಗರಾಜ್ ಸರ್ ಸೋಮವಾರ ಬಂದು ನೋಡಿ, ಕಂಪನಿಯ ಆಸ್ತಿ, ಮೇಲಿನವರು ಕೇಳಿದರೆ ಏನು ಹೇಳಲಿ ಎಂದು ಬೆವರಿದರು. ಆಮೇಲೆ ಮಕ್ಕಳು ದುಂಡಗೆ ಕೂತದ್ದು ನೋಡಿ ತಾವೂ ಒಂದು ಗುಂಪಿನಲ್ಲಿ ಕೂತರು.

ನೆಲ್ಲಿನ ಹೆಸರು ಇಲ್ಲಿ ನಡೆಯಲಿಲ್ಲ. ಈ ಮಕ್ಕಳು ಗದ್ದೆ ನೋಡಿದವರೇ ಅಲ್ಲ. ಹೆಸರು ನೀವೇ ಇಡಿ ಎಂದೆ. ಲೋಡಿಂಗ್, ಘಾಟಿ, ಸ್ಟೇಷನ್ ಎಂದು ಇಟ್ಟರು. ಅದಿರು ಹೋಗುವ ದಾರಿ! ಒಂದೇ ತಿಂಗಳಿಗೆ ನಾಲ್ಕು ಮಕ್ಕಳು ಘಾಟಿ ದಾಟಿದರು. ಈಗ ಓದುವವರು ಹದಿಮೂರು.

ಸಮಿತಿಯ ಸಭೆಯೂ ಆಯಿತು. ನಿಮ್ಮ ಪಾಠದ ಮಾತು ಬಂತು. ಎಲ್ಲರೂ ಬಹಳ ಮೆಚ್ಚಿದರು, ಕಂಪನಿಯ ವಿಜಯಕುಮಾರ್ ಸರ್ ಅಂತೂ ಚಪ್ಪಾಳೆ ತಟ್ಟಿದರು. ಕೋಣೆಗಳ ವಿಷಯ ಅವರೇ ಕಾಗದದಲ್ಲಿ ತಿಳಿಸುತ್ತಾರಂತೆ. ಗಂಟೆ ಹೊಡೆಯಿತು, ಇಲ್ಲಿಗೆ ನಿಲ್ಲಿಸುತ್ತೇನೆ.

ಯಶೋಧರಾ


ಪಾಲಪ್ಪನ ಕ್ಯಾಂಪ್
24 ಮಾರ್ಚ್ 2025

ಶ್ರೀಮತಿ ಯಶೋಧರಾ ಅವರಿಗೆ,

ತಮ್ಮ ಸಮಿತಿಯ ಪತ್ರ ತಲುಪಿದೆ. ಜೊತೆಗೆ ಒಂದು ಶಾಲು, ಕಟ್ಟು ಹಾಕಿಸಿದ ಒಂದು ಪ್ರಶಂಸಾ ಪತ್ರ. ಒಕ್ಕಣೆ ಹೀಗಿದೆ: "ಕೋಣೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ ಎಂದು ಮುಖ್ಯಶಿಕ್ಷಕಿಯವರೇ ಹೆಮ್ಮೆಯಿಂದ ತಿಳಿಸಿರುವುದರಿಂದ, ಸದರಿ ಶಾಲೆಯ ಎರಡು ಕೋಣೆಗಳ ಬೇಡಿಕೆಯನ್ನು ಕೈಬಿಟ್ಟು, ಹಣವನ್ನು ಹೆಚ್ಚು ಅಗತ್ಯವಿರುವ ಶಾಲೆಗಳಿಗೆ ನೀಡಲಾಗಿದೆ."

ಆ ಮಾತು ನಾನು ಒಬ್ಬಳಿಗೇ ಬರೆದಿದ್ದೆ.

ತಾವು ಕೇಳಿದ್ದಿರಿ, ಕೋಣೆಗಳು ಹೇಗಿವೆ ಎಂದು. ಈಗ ಹೇಳುತ್ತೇನೆ. ಹೋದ ಆಗಸ್ಟ್‌ನಲ್ಲಿ ಮಕ್ಕಳು ಪ್ರಾರ್ಥನೆಗೆ ಹೊರಗೆ ನಿಂತಿದ್ದಾಗ ಒಳಗೆ ಧೊಪ್ಪೆಂದು ಸದ್ದಾಯಿತು. ಚಾವಣಿಯ ಸಿಮೆಂಟು ನಾಲ್ಕನೇ ತರಗತಿಯ ಚಾಪೆಯ ಮೇಲೆ ಬಿದ್ದಿತ್ತು, ಇಬ್ಬರು ಎತ್ತಬೇಕಾದಂಥ ಹೆಂಟೆ. ಹತ್ತು ನಿಮಿಷ ತಡವಾಗಿದ್ದರೆ ಅಲ್ಲಿ ಎಂಟು ಮಕ್ಕಳು ಕೂತಿರುತ್ತಿದ್ದರು. ಅವತ್ತಿನಿಂದ ನಾವು ಮರದ ಕೆಳಗೆ. ಗಾಳಿ ಬೆಳಕಿನ ಮೇಲಿನ ಪ್ರೀತಿಗಲ್ಲ, ಹೆದರಿ. ಒಟ್ಟಿಗೆ ಬಯಲಲ್ಲಿ ಕೂತ ಮಕ್ಕಳನ್ನು ಏನು ಮಾಡುವುದೆಂದು ತಿಳಿಯದೆ ಗುಂಪು ಮಾಡಿದೆ. ಅದು ಫಲ ಕೊಟ್ಟಿತು, ನನಗೆ ಕೊಬ್ಬು ಬಂತು.

ಯಾರಿಗೂ ಯಾಕೆ ಹೇಳಲಿಲ್ಲ ಗೊತ್ತೇ? ಹೇಳಿದರೆ ಶಾಲೆ ಮುಚ್ಚುತ್ತಾರೆ ಎಂದು. ಈಗ ಅದೇ ಆಗುತ್ತಿದೆ. ಹೋದ ವಾರ ತಪಾಸಣೆಗೆ ಎಂಜಿನಿಯರ್ ಬಂದು ನೋಡಿ ಎರಡೂ ಕೋಣೆಗೆ ಬೀಗ ಹಾಕಿಸಿದರು. ಅವರ ತಪ್ಪಲ್ಲ, ಅವರ ಜಾಗದಲ್ಲಿ ನಾನಿದ್ದರೂ ಹಾಕುತ್ತಿದ್ದೆ. ಜೂನ್ ಒಳಗೆ ಒಂದಾದರೂ ಗಟ್ಟಿ ಕೋಣೆಯ ಕೆಲಸ ಶುರುವಾಗದಿದ್ದರೆ ಮಕ್ಕಳನ್ನೆಲ್ಲ ಮೂರು ಕಿಲೋಮೀಟರ್ ಆಚೆಯ ಶಾಲೆಗೆ ಸೇರಿಸುತ್ತಾರೆ. ನಡುವೆ ಕಾಲುವೆ, ಲಾರಿ ಟ್ರ್ಯಾಕ್ಟರಿನ ದಾರಿ. ಗಂಡುಮಕ್ಕಳು ಹೋದಾರು. ಕರೆಮ್ಮ ನಿನ್ನೆಯೇ ಹೇಳಿದಳು: "ಕಣ್ಣೆದುರಿಗೆ ಶಾಲಿ ಐತಂತ ಕಳಸ್ತಿದ್ದೆ ಟೀಚರ್ರ. ಕಾಲುವಿ ದಾಟಿಸಿ ಹೆಣ್ಣುಹುಡುಗೀನ ಕಳಸಂಗಿಲ್ಲ. ನನ್ನ ಜೊತಿ ಗದ್ದಿಗೆ ಬರ್ತಾಳ."

ಆರು ತಿಂಗಳು ಕೂತು ಓದು ಕಲಿತ ಹುಡುಗಿ ಯಶೋಧರಾ. ಇಲ್ಲಿ ಈಗ ಹನ್ನೊಂದು ಗಂಟೆಗೇ ಮರದ ನೆರಳಲ್ಲೂ ನೆಲ ಸುಡುತ್ತದೆ. ಮಕ್ಕಳು ಪುಸ್ತಕ ತಲೆಯ ಮೇಲೆ ಇಟ್ಟುಕೊಂಡು ಕೂರುತ್ತಾರೆ.

ಶಾಲನ್ನು ಅಡುಗೆಯ ಜಂಬವ್ವನಿಗೆ ಕೊಟ್ಟೆ. ಪ್ರಶಂಸಾ ಪತ್ರ ಬೇಕಾದರೆ ಹಿಂದಕ್ಕೆ ಕಳಿಸುತ್ತೇನೆ.

ಹೇಮಾವತಿ


ಯಶವಂತನಗರ
2 ಏಪ್ರಿಲ್ 2025

ಅಕ್ಕಾ,

ನೀವು 'ತಾವು' ಎಂದದ್ದು ನೋಡಿ, ಕಾಗದ ನನಗೇ ಬಂದದ್ದೇ ಎಂದು ಲಕೋಟೆಯ ಮೇಲಿನ ಹೆಸರನ್ನು ಮತ್ತೆ ಓದಿದೆ.

ಓದಿದ್ದು ನಾನೇ. ಸಭೆಯಲ್ಲಿ ಎಲ್ಲರೂ ಟೈಲ್ಸು, ಗೇಟು, ಬಣ್ಣ ಎಂದೇ ಮಾತಾಡುತ್ತಿದ್ದರು. ಪಾಠದ ಮಾತೇ ಇಲ್ಲ. ಯಾವತ್ತೂ ಬಾಯಿ ತೆರೆಯದ ನಾನು ಎದ್ದು ನಿಂತು, ಕಂಪ್ಲಿ ಕಡೆ ಒಬ್ಬರು ಹೀಗೆ ಕಲಿಸುತ್ತಿದ್ದಾರೆ ಎಂದು ನಿಮ್ಮ ಕಾಗದ ಓದಿದೆ. ನಿಮ್ಮ ಹೆಸರು ದೊಡ್ಡದಾಗಲಿ, ಕೋಣೆಯೂ ಬೇಗ ಸಿಗಲಿ ಎಂದೇ ಓದಿದೆ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವುದರೊಳಗೆ ವಿಜಯಕುಮಾರ್ ಸರ್, "ಇವ್ರಿಗೆ ಕೋಣಿ ಬೇಕಾಗೇ ಇಲ್ಲ, ಮಸ್ತ್ ಆತಲ್ರಿ" ಎಂದು ಪಟ್ಟಿಯಲ್ಲಿ ಗೆರೆ ಎಳೆದರು. ಅವರು ಕೆಟ್ಟವರಲ್ಲ ಅಕ್ಕಾ. ಮೂವತ್ತು ಶಾಲೆಯ ಅರ್ಜಿ, ಹನ್ನೆರಡು ಕೋಣೆಯ ಹಣ. ಒಂದು ಹೆಸರು ತಾನಾಗಿ ಕಡಿಮೆಯಾದರೆ ಯಾರಿಗೆ ಸಂತೋಷವಾಗುವುದಿಲ್ಲ?

ಆಗ ನಾನು 'ಸರ್, ತಾಳಿ' ಎನ್ನಬೇಕಿತ್ತು. ಎರಡು ಪದ. ನನಗೆ ಚಪ್ಪಾಳೆ ಹೊಸದು, ಅದರ ಅಮಲಿನಲ್ಲಿ ಕೂತುಬಿಟ್ಟೆ. ಏನಾಯಿತೆಂದು ತಿಳಿದದ್ದು ಮನೆಗೆ ಬಂದ ಮೇಲೆ. ನಿಮಗೆ ಬರೆಯುವಾಗ ಮುಚ್ಚಿಟ್ಟೆ. ಗಂಟೆ ಹೊಡೆಯಿತೆಂದು ಬರೆದೆನಲ್ಲ, ಅವತ್ತು ಶಿವರಾತ್ರಿ ರಜೆ ಇತ್ತು.

ನೀವು ಚಾವಣಿಯ ಮಾತು ಒಂದು ಸಾಲು ಬರೆದಿದ್ದರೆ ಎಂದೂ ಒಮ್ಮೆ ಅನ್ನಿಸಿತು, ಸುಳ್ಳು ಹೇಳಲಾರೆ. ಆದರೆ ನೀವು ಬರೆಯಲಿಲ್ಲ ಎಂಬುದಕ್ಕಿಂತ ನಾನು ಸುಮ್ಮನೆ ಕೂತೆ ಎಂಬುದು ದೊಡ್ಡದು. ಮೇ ತಿಂಗಳಲ್ಲಿ ಮತ್ತೆ ಸಭೆ ಇದೆ. ಚಾವಣಿಯ ಫೋಟೋ ಕಳಿಸಿ ಅಕ್ಕಾ. ಕೈಯೊಡ್ಡುವುದು ನಿಮ್ಮಿಂದಾಗದಿದ್ದರೆ ನಾನು ಒಡ್ಡುತ್ತೇನೆ.

ಯಶೋಧರಾ


ಯಶವಂತನಗರ
9 ಮೇ 2025

ಅಕ್ಕಾ,

ನಿಮ್ಮ ಉತ್ತರ ಬರಲಿಲ್ಲ. ಫೋಟೋ ಮಾತ್ರ ಬಂತು, ಬರೀ ಫೋಟೋ, ಹಿಂದೆ ತಾರೀಖು, ಮಾರೇಶ್ ಅವರ ಸಹಿ. ಅದನ್ನು ಹಿಡಿದುಕೊಂಡೇ ನಿನ್ನೆಯ ಸಭೆಗೆ ಹೋದೆ.

ವಿಜಯಕುಮಾರ್ ಸರ್ ಫೋಟೋ ನೋಡಿ ಗಾಬರಿಯಾದರು. "ಏನ್ರಿ ಮೇಡಂ, ಹ್ವಾದ ಸಲ ನೀವ ಓದಿ ಹೇಳಿದ್ರಲ್ಲ?" ಎಂದರು. "ಸರ್, ಹ್ವಾದ ಸಲ ನಾನು ಅರ್ಧ ಹೇಳಿದೆ. ಉಳಿದರ್ಧ ಇದು" ಎಂದೆ. ನಮ್ಮ ಐದನೇ ತರಗತಿಯ ಲೆಕ್ಕ ಹೇಳಿದೆ. ಮೂರು ವರ್ಷ ಟೈಲ್ಸ್, ಫ್ಯಾನು ಎಲ್ಲ ಇದ್ದಾಗ ಓದುವವರು ಒಂಬತ್ತು. ಪಾಠದ ಕ್ರಮ ಬದಲಾದ ಮೇಲೆ ಇಪ್ಪತ್ತೆರಡು. ಅವರು ಮತ್ತೆ, "ಹಂಗಾರ ಕ್ರಮಾನೇ ಮುಖ್ಯ ಆತಲ್ರಿ, ಕೋಣಿ ಯಾಕ?" ಎಂದರು. ಕೋಪ ಬಂತು ಅಕ್ಕಾ, ನನಗೆ ಅಷ್ಟು ಕೋಪ ಬರುತ್ತದೆಂದು ನನಗೇ ಗೊತ್ತಿರಲಿಲ್ಲ. "ಸರ್, ನಮ್ಮ ಮಕ್ಕಳು ಏಪ್ರಿಲ್ ಬಿಸಿಲಾಗೂ ಓದಿದ್ರು, ತಲಿ ಮ್ಯಾಲ ಫ್ಯಾನ್ ಇತ್ತು. ಅವ್ರ ಮಕ್ಕಳು ಪುಸ್ತಕ ತಲಿ ಮ್ಯಾಲ ಇಟ್ಕೊಂಡಿದ್ರು. ಪುಸ್ತಕ ತಲಿ ಮ್ಯಾಲಿದ್ರ ಹ್ಯಾಂಗ ಓದ್ತಾರ್ರಿ?" ಎಂದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಹಣವೆಲ್ಲ ಹಂಚಿಯಾಗಿತ್ತು. ಉಳಿದದ್ದು ನಮ್ಮ ಶಾಲೆಗೆ ಮಂಜೂರಾಗಿದ್ದ ಗ್ರಾನೈಟ್ ಸ್ವಾಗತ ಕಮಾನು ಮಾತ್ರ. ಅದನ್ನು ಬಿಟ್ಟುಕೊಡುತ್ತೇವೆ, ಕ್ಯಾಂಪಿಗೆ ಕೋಣೆ ಕೊಡಿ ಎಂದೆ. ಲಿಂಗರಾಜ್ ಸರ್ ಅವರನ್ನು ಕೇಳದೆಯೇ ಹೇಳಿಬಿಟ್ಟೆ. ಒಂದು ಕಮಾನಿಗೆ ಒಂದು ಕೋಣೆ ಬರುತ್ತದೆ, ಎರಡಲ್ಲ. ಒಂದು ಒಪ್ಪಿದರು. ಜೂನ್ ಮೊದಲ ವಾರ ಕೆಲಸ ಶುರು, ಜುಲೈಗೆ ಮುಗಿಸುತ್ತಾರಂತೆ. ಶಾಲೆ ಮುಚ್ಚುವುದಿಲ್ಲ ಅಕ್ಕಾ!

ಲಿಂಗರಾಜ್ ಸರ್ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಕಮಾನಿನ ಮೇಲೆ ಬರೆಸುವ ಹೆಸರುಗಳ ಪಟ್ಟಿಯನ್ನೂ ಅವರು ಮಾಡಿಟ್ಟಿದ್ದರು. ಕಾಲೋನಿಯ ಹಿರಿಯರೂ ಸಿಟ್ಟಾಗಿದ್ದಾರೆ. ದುರುಗಣ್ಣ ಒಬ್ಬನೇ, "ಕಮಾನಿನ ಕೆಳಗ ಹಾದು ಬಂದ್ರೇನು, ಹಂಗ ಬಂದ್ರೇನು, ಒಳಗ ಬಂದ್ರ ಆತಲ್ರಿ" ಎಂದ.

ಒಂದು ಸಾಲು ಬರೆಯಿರಿ. ಬೈದು ಬರೆದರೂ ಸರಿ.

ಯಶೋಧರಾ


ಪಾಲಪ್ಪನ ಕ್ಯಾಂಪ್
20 ಜುಲೈ 2025, ಭಾನುವಾರ

ಪ್ರೀತಿಯ ಯಶೋಧರಾ,

ಏಪ್ರಿಲ್‌ನಲ್ಲಿ ಕೋಪಕ್ಕೆ ಬರೆಯಲಿಲ್ಲ. ಮೇ ಕಾಗದ ಓದಿದ ಮೇಲೆ ನಾಚಿಕೆಗೆ ಬರೆಯಲಿಲ್ಲ. ನಿನ್ನ ಮುಖ್ಯಗುರುವಿನ ಮುನಿಸು, ಊರಿನ ಸಿಟ್ಟು ಎಲ್ಲವನ್ನೂ ನೀನು ನನಗಾಗಿ ಮೈಮೇಲೆ ಹಾಕಿಕೊಂಡೆ. ನಾನು ಬರಿಯ ಒಂದು ಫೋಟೋ ಕಳಿಸಿ ಬಿಗಿದುಕೊಂಡು ಕೂತೆ. ನನ್ನನ್ನು ಕ್ಷಮಿಸು. ಇದಕ್ಕಿಂತ ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ.

ಕೋಣೆ ಎದ್ದಿದೆ. ಮೊದಲ ದಿನ ಮಕ್ಕಳು ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಿ ಸುಮ್ಮನೆ ಗೋಡೆ ಮುಟ್ಟಿ ನೋಡುತ್ತಿದ್ದರು. ನಾನೂ ಯಾರೂ ಇಲ್ಲದಾಗ ಮುಟ್ಟಿದೆ. ದುಡ್ಡಿನಿಂದ ಬಣ್ಣ ಮಾತ್ರ ಬರುತ್ತದೆ ಎಂದು ಬರೆದಿದ್ದೆನಲ್ಲ, ಆ ಕಾಗದ ನಿನ್ನ ಹತ್ತಿರ ಇದ್ದರೆ ಹರಿದು ಹಾಕು.

ಈಗ ಕೇಳು, ನಾನು ಮಾಡಿದ ತಪ್ಪು. ಕೋಣೆಯಲ್ಲಿ ಹಿಡಿಸುವುದು ಇಪ್ಪತ್ತೈದು ಮಕ್ಕಳು. ಬಿಸಿಲು ಇಳಿದಿದ್ದರಿಂದ ಉಳಿದವರು ಮರದ ಕೆಳಗೆ ಕೂರುತ್ತಿದ್ದರು. ಈ ತಿಂಗಳ ಎರಡನೇ ವಾರ ನಾಲ್ಕು ದಿನ ಬಿಡದೆ ಮಳೆ. ಯಾರು ಒಳಗೆ, ಯಾರು ಮನೆಗೆ? ನಾನು ಬಹಳ ನ್ಯಾಯವಂತೆಯ ಹಾಗೆ ಯೋಚಿಸಿದೆ: ಓದಲು ಬರದವರಿಗೆ ಪಾಠ ತಪ್ಪಬಾರದು, ಅವರು ಒಳಗೆ, ಓದಲು ಬರುವವರು ಮನೆಗೆ ಹೋಗಿ ಪುಸ್ತಕ ಓದಲಿ. ನಾಲ್ಕು ದಿನವೂ ದೇವಿಕಾಳನ್ನು ಗೇಟಿನಿಂದ ನಾನೇ ವಾಪಸು ಕಳಿಸಿದೆ. ಅವಳೀಗ ಏಳನೇ ತರಗತಿ, ತೆನೆ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ. ಐದನೇ ದಿನ ಬಿಸಿಲು ಬಂತು, ದೇವಿಕಾ ಬರಲಿಲ್ಲ. ಕಾಲುವೆಗೆ ನೀರು ಬಿಟ್ಟಿದ್ದರು, ನಾಟಿ ಶುರುವಾಗಿತ್ತು.

ಸಂಜೆ ಗದ್ದೆಗೆ ಹೋದೆ. ಹದಿನೈದು ಹೆಂಗಸರ ಸಾಲಿನಲ್ಲಿ ಹದಿನಾರನೆಯವಳು ಅವಳು. ನನ್ನನ್ನು ನೋಡಿ ಮುಖ ಕೆಳಗೆ ಹಾಕಿ ಸಸಿ ಹಚ್ಚುತ್ತಲೇ ಇದ್ದಳು. ಕಾನೂನು ಹೇಳಿ ಹೆದರಿಸಬಹುದಿತ್ತು. ಅದಕ್ಕೆ ಮೊದಲೇ ಕರೆಮ್ಮ ಬದುವಿಗೆ ಬಂದು ಹೇಳಿದಳು: "ಓದಾಕ ಬರಲಾರದಾಗ ಕುಂದ್ರಿಸ್ಕೊಂಡ್ರಿ. ಓದಾಕ ಬಂದ ಮ್ಯಾಲ ಮನಿಗೆ ಹೋಗಂದ್ರಿ. ನಾಕು ದಿನ ಬಾಗ್ಲಾಗ ಕುಂತು ಅತ್ತಾಳ ಹುಡುಗಿ. ನಾನೇನು ಶಾಲಿ ಬಿಡಿಸಿಲ್ರಿ ಟೀಚರ್ರ, ನೀವ ಬಿಡಿಸಿದ್ದು."

ಅದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ ಯಶೋಧರಾ. ಓದು ಕಲಿತಿದ್ದಕ್ಕೆ ನಾನು ಆ ಮಗುವಿಗೆ ಕೊಟ್ಟ ಬಹುಮಾನ ಅದು.

ನಾಳೆಯಿಂದ ಕಳಿಸು, ಮಳೆ ಬಂದರೂ ವಾಪಸು ಕಳಿಸುವುದಿಲ್ಲ ಎಂದೆ. ಹಾಗೆ ಬಿಡಲು ಬರುವುದಿಲ್ಲವಂತೆ. ಅವರು ಎಕರೆ ಲೆಕ್ಕದಲ್ಲಿ ಗದ್ದೆ ಹಿಡಿಯುವಾಗ ಇಷ್ಟು ಆಳು ಎಂದು ಮಾತು ಕೊಟ್ಟಿರುತ್ತಾರೆ. ನಡುವೆ ಒಬ್ಬರು ಬಿಟ್ಟರೆ ಅವರ ಸಾಲು ಉಳಿದವರ ಬೆನ್ನಿಗೆ ಬೀಳುತ್ತದೆ. "ಆಳಿಗೆ ಆಳು ಕೊಟ್ಟು ಬಿಡಿಸ್ಕೊಂಡ್ ಹೋಗ್ರಿ" ಎಂದಳು. ತಮಾಷೆಗೆ ಹೇಳಿದಳೋ, ಮನಸ್ಸಿನಿಂದ ಹೇಳಿದಳೋ ಗೊತ್ತಿಲ್ಲ. ನಾನು ಸೀರೆ ಎತ್ತಿ ಕಟ್ಟಿ ಗದ್ದೆಗೆ ಇಳಿದೆ.

ಒಂದು ವಾರವಾಯಿತು. ಬೆಳಿಗ್ಗೆ ಆರರಿಂದ ಎಂಟೂವರೆ, ಭಾನುವಾರ ಪೂರ್ತಿ. ಐವತ್ತಾರರ ಸೊಂಟ ನನ್ನದು, ರಾತ್ರಿ ಮಗ್ಗುಲು ಬದಲಿಸಲು ಆಗುವುದಿಲ್ಲ. ನನ್ನ ಸಾಲು ಹಾವು ಹರಿದ ಹಾಗೆ ಹೋಗುತ್ತದೆ. ಹೆಂಗಸರು ನಕ್ಕು ನಕ್ಕು ಮತ್ತೆ ಕಿತ್ತು ಹಚ್ಚುತ್ತಾರೆ. ಅವರಿಗೆ ನನ್ನಿಂದ ಆಗುವ ಕೆಲಸಕ್ಕಿಂತ ತೊಂದರೆಯೇ ಹೆಚ್ಚೇನೋ. ಆದರೂ ಕರೆಮ್ಮ ಮಾತಿಗೆ ತಪ್ಪಲಿಲ್ಲ, ಎರಡನೇ ದಿನವೇ ಮಗಳ ತಲೆ ಬಾಚಿ ಕಳಿಸಿದಳು. ಮೊನ್ನೆ ಮತ್ತೆ ಮಳೆ ಬಂತು. ದೊಡ್ಡ ಮಕ್ಕಳನ್ನು ಜಂಬವ್ವನ ಅಡುಗೆ ಕೋಣೆಯಲ್ಲಿ ಒತ್ತೊತ್ತಾಗಿ ಕೂರಿಸಿದೆ. ಸಾರಿನ ಹೊಗೆಗೆ ಕಣ್ಣು ಒರೆಸಿಕೊಳ್ಳುತ್ತಾ ಓದಿದರು. ಇದು ಸರಿಯಲ್ಲ. ಕುದಿಯುವ ಪಾತ್ರೆಯ ಪಕ್ಕ ಮಕ್ಕಳು ಕೂರಬಾರದು.

ದುಡ್ಡೋ ಕ್ರಮವೋ ಎಂದು ನಿನ್ನ ಸಭೆಯವರು ಮತ್ತೆ ಕೇಳಬಹುದು. ನನಗೂ ಒಂದು ಕಾಲದಲ್ಲಿ ಉತ್ತರ ಗೊತ್ತಿತ್ತು. ಈಗ ಗೊತ್ತಿರುವುದು ಇಷ್ಟು: ಮಳೆ ಬಂದಾಗ ನನ್ನ ಹತ್ತೊಂಬತ್ತು ಮಕ್ಕಳಿಗೆ ಕೂರಲು ಜಾಗವಿಲ್ಲ.

ಬರುವ ಗುರುವಾರ ಸಭೆ ಇದೆಯಂತೆ, ಮಾರೇಶ್ ವಿಚಾರಿಸಿಕೊಂಡು ಬಂದ. ಈ ಸಲ ನೀನು ಎದ್ದು ನಿಲ್ಲಬೇಡ. ನಾನೇ ರಜೆ ಹಾಕಿ ಹೊಸಪೇಟೆ ಮೇಲೆ ಬರುತ್ತೇನೆ. ವಿಜಯಕುಮಾರ್ ಅವರ ಮುಂದೆ ನಿಂತು, "ಸರ್, ನಮಗೆ ಇನ್ನೊಂದು ಕೋಣಿ ಬೇಕ್ರಿ, ಕೊಡ್ರಿ" ಎನ್ನುತ್ತೇನೆ. ಬಸ್ಸಿನಲ್ಲಿ ಹೇಗೆ ಹೇಳುವುದೆಂದು ಅಭ್ಯಾಸ ಮಾಡಿಕೊಳ್ಳಬೇಕು. ಕೇಳಿ ಅಭ್ಯಾಸವಿಲ್ಲ ನೋಡು. ಅವರು ಇಲ್ಲವೆಂದರೆ ಮುಂದಿನ ಸಭೆಗೂ ಬರುತ್ತೇನೆ.

ಕೈ ಊದಿದೆ, ಅಕ್ಷರ ಕೆಟ್ಟಿದ್ದರೆ ಸಹಿಸಿಕೋ. ಕರೆಮ್ಮನಿಗೆ ಮಾತು ಕೊಟ್ಟಿದ್ದೇನೆ. ಈ ನಾಟಿ ಇನ್ನು ಮೂರು ವಾರ, ಮುಂದಿನದು ಜನವರಿಗೆ. ಅಷ್ಟರೊಳಗೆ ಎರಡನೇ ಕೋಣೆ ಎದ್ದರೂ ಸರಿ, ಏಳದಿದ್ದರೂ ಸರಿ, ಆಗಲೂ ದೇವಿಕಾಳ ಸಾಲು ನಾನೇ ಹಚ್ಚುತ್ತೇನೆ.

ನಿನ್ನ,
ಹೇಮಾವತಿ ಅಕ್ಕ